ಒಂದು ಚೀಲ ಉಪ್ಪು, ಒಂದು ಕೆಂಪು ಕಕ್ಕಸು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚೀಲ ಉಪ್ಪು. ಬೇರೆ ಊರಿನಲ್ಲಾದರೆ ಅಷ್ಟು ಉಪ್ಪಿನಿಂದ ಹೆಚ್ಚೆಂದರೆ ಒಂದು ಮದುವೆಯ ಅಡುಗೆ ಕೆಟ್ಟೀತು. ನಮ್ಮ ಸಾಲ್ಮಿಯಲ್ಲಿ ಅದು ಅಮೆರಿಕ ಸರ್ಕಾರವನ್ನೇ ಸೊಂಟದವರೆಗೆ ನೀರಿಗಿಳಿಸಿತು. ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ, ನಂಬುವವರಿಗೆ ಕಷ್ಟವಾದೀತೆಂದು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿರುವುದು.

ಏಪ್ರಿಲ್ ಹದಿನೇಳರ ಬೆಳಗ್ಗೆ, ಸೂರ್ಯ ಇನ್ನೂ ಹುಟ್ಟಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ, ಆರ್ವೊ ತಾಸ್ಕಿಲಾ ಎಂಬ ನಿವೃತ್ತ ಶಾಲಾ ಬಸ್ ಚಾಲಕ ಆ ಚೀಲವನ್ನು ಕೋಟಿನೊಳಗೆ ಅಡಗಿಸಿಕೊಂಡು, ತುಂಬು ಬಸುರಿಯಂತೆ ಹಿಂದಕ್ಕೆ ಬಾಗಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುತ್ತಿದ್ದ. ಅವನು ಹೊರಟದ್ದು ಕೆರೆಯ ನಡುವೆ ಒಂಟಿಯಾಗಿ ನಿಂತಿದ್ದ ಕೆಂಪು ಕಕ್ಕಸಿನ ಕಡೆಗೆ.

ಮಿಶಿಗನ್ನಿನ ಈ ಬಡಗಣ ತುದಿಯಲ್ಲಿ ಚಳಿಗಾಲ ಎಷ್ಟು ಉದ್ದವೆಂದರೆ ಜನಕ್ಕೆ ಅದು ಮುಗಿಯುವುದರ ಮೇಲೆಯೇ ಪಂದ್ಯ ಕಟ್ಟಬೇಕಾಯಿತು. ಕೆರೆ ಗಟ್ಟಿಯಾದ ಮೇಲೆ ಊರವರು ಒಂದು ಹಳೆಯ ಮರದ ಕಕ್ಕಸಿಗೆ ಕೆಂಪು ಬಣ್ಣ ಬಳಿದು ಅದರ ನಡುವೆ ನಿಲ್ಲಿಸುತ್ತಾರೆ. ಅದರಿಂದ ಒಂದು ತಂತಿ ದಡದವರೆಗೆ ಬಂದು, ಆರ್ವೊನ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಹೊರಗೋಡೆಗೆ ತೂಗುಹಾಕಿದ ಗಡಿಯಾರದ ಪ್ಲಗ್ಗಿಗೆ ಸೇರುತ್ತದೆ. ಮಂಜುಗಡ್ಡೆ ಒಡೆದು ಕಕ್ಕಸು ಮುಳುಗಿದರೆ ತಂತಿ ಜಗ್ಗುತ್ತದೆ, ಪ್ಲಗ್ಗು ಕಿತ್ತು ಬರುತ್ತದೆ, ಗಡಿಯಾರ ನಿಲ್ಲುತ್ತದೆ. ಅದು ಯಾವ ದಿನ ನಿಲ್ಲುತ್ತದೆಂದು ಸರಿಯಾಗಿ ಊಹಿಸಿದವರ ಹೆಸರನ್ನು ಚರ್ಚಿನ ಸಭಾಂಗಣದ ಗೋಡೆಯ ಮೇಲೆ ಕೆತ್ತುತ್ತಾರೆ. ಸಾಲ್ಮಿಯಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. ನಮ್ಮಲ್ಲಿ ಒಬ್ಬ ಶಾಸಕನಾಗಿದ್ದ, ಅವನ ಹೆಸರನ್ನು ಯಾರೂ ಎಲ್ಲಿಯೂ ಕೆತ್ತಲಿಲ್ಲ.

ಗಡಿಯಾರ ಕಾಯುವವನು ಆರ್ವೊ. ತಾನು ಊಹೆ ಹೇಳುವುದಿಲ್ಲ, ಕಕ್ಕಸಿನ ಹತ್ತಿರ ಸುಳಿಯುವುದಿಲ್ಲ ಎಂದು ಚರ್ಚಿನಲ್ಲಿ ಎಲ್ಲರೆದುರು ಪ್ರಮಾಣ ಮಾಡಿದವನು. ಹಿಂದೆ ಒಬ್ಬ ಪುಣ್ಯಾತ್ಮ ಸೌನಾದ ಕಾದ ಕಲ್ಲನ್ನು ಕಕ್ಕಸಿನ ಬುಡಕ್ಕೆ ಇಟ್ಟು ಸಿಕ್ಕಿಬಿದ್ದಿದ್ದ. ಅವನು ಸತ್ತು ಒಂದು ಕಾಲವಾಯಿತು, ಅವನ ಮೊಮ್ಮಕ್ಕಳಿಗೆ ಇಂದಿಗೂ ಚರ್ಚಿನಲ್ಲಿ ಪಾತ್ರೆಯ ತಳದ ಕಾಫಿಯನ್ನೇ ಸುರಿಯುತ್ತಾರೆ. ಯಾರೂ ಬೈಯುವುದಿಲ್ಲ, ಕಾರಣ ಹೇಳುವುದಿಲ್ಲ. ಸುರಿಯುತ್ತಾರೆ, ಅಷ್ಟೆ.

ಇಂಥ ಅಪಾಯವನ್ನು ಆರ್ವೊ ಮೈಮೇಲೆ ಎಳೆದುಕೊಂಡದ್ದು ಅತ್ತೆಗಾಗಿ. ಹೆಂಡತಿ ಇಂಪಿಯ ತಾಯಿ ಸೈಮಿ ಅಜ್ಜಿ ಒಂದು ವಾರ ಇದ್ದು ಹೋಗುತ್ತೇನೆಂದು ಬಂದವಳು. ಬಂದಾಗ ತಲೆಯಲ್ಲಿ ಕಪ್ಪು ಕೂದಲಿತ್ತು. ಈಗ ತೊಂಬತ್ತು ದಾಟಿದೆ, ಕೆರೆಯ ಕಡೆಗಿನ ಕಿಟಕಿಯ ಪಕ್ಕದ ಆರ್ವೊನ ಕುರ್ಚಿ ಅವಳದು, ಟೀವಿ ಅವಳದು, ಕಾಫಿ ಎಷ್ಟು ಗಟ್ಟಿ ಇರಬೇಕೆಂಬ ತೀರ್ಮಾನವೂ ಅವಳದೇ. ಅವಳ ಟೀವಿಯ ಸದ್ದಿಗೆ ಕೆರೆಯ ಆಚೆ ದಡದ ಜಿಂಕೆಗಳೂ ಹವಾಮಾನ ವರದಿ ಕೇಳಿಕೊಂಡು ಹೊರಡುತ್ತಿದ್ದವು. ಅಜ್ಜಿ ಪ್ರತಿ ವರ್ಷ ಪಂದ್ಯಕ್ಕೆ ಒಂದೇ ದಿನ ಹೇಳುತ್ತಿದ್ದಳು: ಏಪ್ರಿಲ್ ಹದಿನೇಳು, ತನ್ನ ಮದುವೆಯ ದಿನ. ಒಮ್ಮೆಯೂ ಗೆದ್ದಿರಲಿಲ್ಲ. "ಒಂದ್ಸಲ ಗೆಲ್ಲೋವರೆಗೂ ನಾನು ಕಣ್ಣು ಮುಚ್ಚಲ್ಲ" ಎಂದು ಇಡೀ ಊರಿನೆದುರು ಶಪಥ ಮಾಡಿದ್ದಳು.

ಮುದುಕಿಯ ಕೊನೆಯ ಆಸೆ ಪೂರೈಸುವುದು ಪುಣ್ಯದ ಕೆಲಸವೆಂದು ಆರ್ವೊ ತನಗೆ ತಾನೇ ಹೇಳಿಕೊಂಡ. ಆಸೆ ಪೂರೈಸಿದ ಮೇಲೆ ಏನಾಗುತ್ತದೆಂಬ ಕಡೆಗೆ ಮನಸ್ಸು ಹರಿದಾಗಲೆಲ್ಲ ಅದನ್ನು ಬಾಲ ಹಿಡಿದು ಹಿಂದಕ್ಕೆ ಎಳೆದ. ಈ ವರ್ಷದ ಚಳಿಗಾಲ ಮೆತ್ತಗಿತ್ತು, ಗಡ್ಡೆ ಸೊರಗಿತ್ತು, ಒಂದಿಷ್ಟು ಉಪ್ಪು ಬಿದ್ದರೆ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಅತ್ತೆಯ ಗೊರಕೆ ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನು ಖಾತ್ರಿ ಮಾಡಿಕೊಂಡೇ ಅವನು ಮನೆ ಬಿಟ್ಟಿದ್ದ. ಕಕ್ಕಸಿನ ನಾಲ್ಕು ಮೂಲೆಗೂ ಉಪ್ಪು ಸುರಿದು, ಕಾಲಿನ ಗುರುತು ಒರೆಸಿ, ಹಿಂದಿರುಗಿ ಮೇಜಿನ ಮುಂದೆ ಕುಳಿತು, ಇಂಪಿ ಒಲೆಯಿಂದ ತೆಗೆದ ದಪ್ಪ ಪನ್ನುಕಾಕ್ಕು ರೊಟ್ಟಿಗೆ ಕೈಹಾಕಿದ. ಬಾಯಿಗೆ ಹೋಗಲಿಲ್ಲ. ಬಾಗಿಲು ಬಡಿದ ಸದ್ದಾಯಿತು.

ಬಾಗಿಲಲ್ಲಿ ನಿಂತಿದ್ದವನು ಊರಿನ ಪೊಲೀಸ್ ಮುಖ್ಯಸ್ಥ ರೂಡಿ ಕಂಗಾಸ್. ಚಿಕ್ಕಂದಿನಲ್ಲಿ ಆರ್ವೊನ ಬಸ್ಸಿನಲ್ಲೇ ಶಾಲೆಗೆ ಹೋದವನು, ತುಂಟತನಕ್ಕೆ ಮುಂದಿನ ಸೀಟಿನಲ್ಲಿ ಕೂತು ಅತ್ತವನು, ಈಗಲೂ ಪ್ರತಿ ಶನಿವಾರ ಆರ್ವೊನ ಸೌನಾದಲ್ಲಿ ಬಟ್ಟೆಯಿಲ್ಲದೆ ಪಕ್ಕದಲ್ಲೇ ಕೂತು ಬೆವರುವವನು. ಅವನ ಹಿಂದೆ ರಾಜಧಾನಿಯಿಂದ ಬಂದ ಬೆಲಮಿ ಎಂಬ ಅಧಿಕಾರಿ. ಅವನ ಹಿಂದೆ, ಇಡೀ ಬೀದಿಗೆ ಬಿರಡೆ ಹಾಕಿದಂತೆ, ಊರಿನ ಉಕ್ಕಿನ ಬಂಡಿ.

ಈ ಬಂಡಿಯ ವಿಷಯ ಹೇಳಲೇಬೇಕು. ಭಯೋತ್ಪಾದನೆ ತಡೆಯುವ ಹೊಸ ಕಾಯ್ದೆ ಬಂದಾಗ ಸರ್ಕಾರ ಅದರ ಜೊತೆಗೆ ಗುಂಡು ತಾಗದ ಈ ದೈತ್ಯವನ್ನೂ ಪುಕ್ಕಟೆ ಕಳಿಸುತ್ತೇನೆಂದಿತು. ಊರಿನ ಸಭೆಯಲ್ಲಿ ಕಾಯ್ದೆಯನ್ನು ಓದಿ ಹೇಳಿದರು: ಕಾರಣ ಹೇಳದೆ ಹಿಡಿಯಬಹುದು, ಕೇಳದೆ ಮನೆ ಶೋಧಿಸಬಹುದು, ದೂರು ಕೊಟ್ಟವರ ಹೆಸರನ್ನು ಎಂದೂ ಹೊರಗೆಡಹುವಂತಿಲ್ಲ. ಆಮೇಲೆ ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ಸಾಲ್ಮಿಯ ಜನ ಫಿನ್‌ಲ್ಯಾಂಡಿನಿಂದ ಬಂದ ಅಜ್ಜಂದಿರಿಂದ ಮೌನವನ್ನೇ ಆಸ್ತಿಯಾಗಿ ಪಡೆದವರು. ಇಲ್ಲಿ ಇಬ್ಬರು ಗಂಡಸರು ಒಂದು ವಾರ ಜೊತೆಯಾಗಿ ಮೀನು ಹಿಡಿದರೂ ಅವರ ನಡುವಿನ ಮಾತುಕತೆ ಒಂದು ಉಗುರಿನ ಮೇಲೆ ಹಿಡಿಸುತ್ತದೆ. ಎಲ್ಲರೂ ತಮ್ಮ ಬೂಟು ನೋಡಿಕೊಂಡು ಕೂತಿದ್ದರು. ಕಾಯ್ದೆಗೂ ಬಂಡಿಗೂ ಸರ್ವಾನುಮತದ ಒಪ್ಪಿಗೆ ಎಂದು ಬರೆದುಕೊಂಡರು. ಬಂಡಿ ಈವರೆಗೆ ಮರದಿಂದ ಒಂದು ಬೆಕ್ಕನ್ನು ಇಳಿಸಿತ್ತು, ಅಷ್ಟೆ. ಅದರ ಬಳಕೆ ಕಲಿಸಲು ಬಂದ ಬೆಲಮಿ ಹುಟ್ಟಿ ಬೆಳೆದದ್ದು ಫ್ಲೋರಿಡಾದ ಸುಡುಬಿಸಿಲಿನಲ್ಲಿ. ಒಂದು ತಿಂಗಳಿಂದ ಒಬ್ಬ ಭಯೋತ್ಪಾದಕನೂ ಸಿಗದೆ ನೀರು ಕಾಣದ ಬಾತುಕೋಳಿಯ ಹಾಗೆ ಒಣಗಿದ್ದ.

"ತಾಸ್ಕಿಲಾ ಅವರೇ" ಎಂದ ರೂಡಿ. ನಿನ್ನೆಯವರೆಗೆ ಅವನ ಬಾಯಲ್ಲಿ ಬರೀ ಆರ್ವೊ ಆಗಿದ್ದವನು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ. "ಯಾರೋ ಫೋನ್ ಮಾಡಿದ್ದಾರೆ. ನೀವು ಬೆಳಗಿನ ಜಾವ ಕೆರೆ ಮಧ್ಯದ ಗೂಡಿಗೆ ಬಿಳಿ ಪುಡಿ ಹೊತ್ಕೊಂಡು ಹೋಗಿದ್ರಂತೆ."

"ಯಾರು?"

"ಹೇಳೋ ಹಾಗಿಲ್ಲ. ನನಗೇ ಹೇಳಿಲ್ಲ."

ಬೆಲಮಿ ಕಿಟಕಿಯಿಂದ ಕೆರೆ ನೋಡುತ್ತಿದ್ದ. ನಿರ್ಜನ ಗೂಡು, ಅದರಿಂದ ಹೊರಟ ತಂತಿ, ತಂತಿಯ ತುದಿಗೆ ಟಿಕ್ ಟಿಕ್ ಎನ್ನುವ ಗಡಿಯಾರ, ಈಗ ಬಿಳಿ ಪುಡಿ. ಅವನ ಮುಖದಲ್ಲಿ ಮೊದಲ ಮಗುವನ್ನು ಎತ್ತಿಕೊಂಡ ತಂದೆಯ ಕಳೆಯಿತ್ತು. ಪಂದ್ಯದ ವಿಷಯವನ್ನು ರೂಡಿ ವಿವರಿಸಲು ನೋಡಿದ. ಯಾವ ನಾಗರಿಕ ದೇಶದಲ್ಲಿಯೂ ಜನ ಕಕ್ಕಸಿಗೆ ಗಡಿಯಾರ ಕಟ್ಟಿ ಅದು ಮುಳುಗುವುದನ್ನು ಕಾಯುವುದಿಲ್ಲ, ಇದು ಮುಚ್ಚಿಡಲು ಕಟ್ಟಿದ ಕತೆ ಎಂದು ಬೆಲಮಿ ತೀರ್ಮಾನಿಸಿದ.

ಮನೆಯ ಶೋಧ ನಡೆಯಿತು. ಸೀಮೆಎಣ್ಣೆಯ ಡಬ್ಬ ಸಿಕ್ಕಿತು, ಮೀನು ಸಿಗುವ ಕಡೆಗೆಲ್ಲ ಗುರುತು ಹಾಕಿದ ಕೆರೆಯ ನಕ್ಷೆ ಸಿಕ್ಕಿತು. ಅಡುಗೆಮನೆಯಲ್ಲಿದ್ದ ಉಪ್ಪನ್ನೆಲ್ಲ ಪರೀಕ್ಷೆಗೆಂದು ಕಟ್ಟಿಕೊಂಡರು. ಕಪಾಟಿನ ಮೂಲೆಯ ಜಾಡಿಯೊಳಗೆ ಬೂದು ಬಣ್ಣದ ಏನೋ ಒಂದು ಗುಳುಗುಳು ಉಸಿರಾಡುತ್ತಿತ್ತು. ಅದು ಇಂಪಿಯ ಮುತ್ತಜ್ಜಿ ಹಡಗಿನಲ್ಲಿ ಎದೆಗವಚಿಕೊಂಡು ತಂದ ರೈ ಧಾನ್ಯದ ರೊಟ್ಟಿಗೆ ಬೆರೆಸುವ ಹುಳಿಹಿಟ್ಟಿನ ಹುದುಗು. ಅದನ್ನು ಇಬ್ಬರೂ ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು, ಹೆಣದಂತೆ ಹೊರಕ್ಕೆ ಒಯ್ದರು. ಅದಕ್ಕೆ ದಿನಾ ಹಿಟ್ಟು ಹಾಕಬೇಕು, ಇಲ್ಲದಿದ್ದರೆ ಸಿಟ್ಟು ಬಂದು ಉಕ್ಕುತ್ತದೆ ಎಂದು ಇಂಪಿ ಎಚ್ಚರಿಸಿದಳು. ಹಾಗೆ ಎಚ್ಚರಿಸಿದ್ದನ್ನು ಬೆದರಿಕೆ ಎಂದು ಬರೆದುಕೊಂಡರು. ಸೈಮಿ ಅಜ್ಜಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಅವಳ ಕುರ್ಚಿಯನ್ನು ಶೋಧಿಸುವ ಧೈರ್ಯ ಯಾವ ಕಾಯ್ದೆಗೂ ಇರಲಿಲ್ಲ.

ಗಡಿಯಾರವನ್ನು ಬಿಟ್ಟು ದೂರ ಹೋಗಬಾರದೆಂದು ಬೆಲಮಿ ಹೇಳಿದ್ದರಿಂದ ವಿಚಾರಣೆ ಸೌನಾದೊಳಗೇ ನಡೆಯಬೇಕಾಯಿತು. ಅಂದು ಶನಿವಾರ. ಇಂಪಿ ಒಲೆ ಹೊತ್ತಿಸಿಬಿಟ್ಟಿದ್ದಳು. ಬೆಲಮಿ ಗುಂಡು ತಡೆಯುವ ಅಂಗಿ, ಅದರ ಮೇಲೆ ಕೋಟು, ಅದರ ಮೇಲೆ ಕೊರಳಿನ ಟೈ ಸಮೇತ ಮರದ ಹಲಗೆಯ ಮೇಲೆ ಕುಳಿತ. ಆರ್ವೊನ ಕೈಗೆ ಹಾಕಿದ ಬೇಡಿ ಕಾದು ಚುರುಗುಟ್ಟತೊಡಗಿದ್ದರಿಂದ ರೂಡಿ ಅದನ್ನು ಬಿಚ್ಚಿದ. ಬಿಚ್ಚಿದವನು, ಕೈ ಸುಮ್ಮನಿರದೆ, ಪ್ರತಿ ಶನಿವಾರದ ಅಭ್ಯಾಸದಂತೆ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರನ್ನೂ ಹೊಯ್ದ. ಭುಸ್ಸೆಂದು ಎದ್ದ ಹಬೆಯಲ್ಲಿ ಅಧಿಕಾರಿ ಕಾಣೆಯಾದ. ಸ್ವಲ್ಪ ಹೊತ್ತಿಗೆ ಮತ್ತೆ ಕಂಡಾಗ ಮೊದಲಿಗಿಂತ ಚಿಕ್ಕವನಾಗಿದ್ದ.

ಅವನು ಕೇಳಿದ ಪ್ರಶ್ನೆಗಳನ್ನು ಸಾಲಾಗಿ ಹಾಸಿದರೆ ಅವು ಕೆನಡಾದ ಗಡಿ ಮುಟ್ಟುತ್ತಿದ್ದವು. ಆರ್ವೊ ಒಂದಕ್ಕೂ ಬಾಯಿ ಬಿಡಲಿಲ್ಲ. ಹಿಂದೆ ಸುಮ್ಮನಿರುವುದು ಪ್ರಜೆಯ ಹಕ್ಕಾಗಿತ್ತು, ಹೊಸ ಕಾಯ್ದೆಯಲ್ಲಿ ಅದು ಸಂಚಿನ ಲಕ್ಷಣ ಎಂದು ಬೆಲಮಿ ತಿಳಿಸಿದ. ಮಾತಾಡದಿರುವುದು, ನೆಲ ನೋಡುವುದು, ದಪ್ಪ ಕೋಟು ಹಾಕುವುದು, ಒಬ್ಬನೇ ಗಂಟೆಗಟ್ಟಲೆ ನೀರಿನ ಕಡೆ ದಿಟ್ಟಿಸುವುದು, ಇವೆಲ್ಲ ಅವನ ತರಬೇತಿಯಲ್ಲಿ ಕಲಿಸಿದ ಗುರುತುಗಳು.

"ಹಾಗಿದ್ರೆ ಸಾರ್, ಇಡೀ ಊರನ್ನೇ ಎತ್ತಾಕ್ಕೊಂಡು ಹೋಗ್ಬೇಕಾಗುತ್ತೆ" ಎಂದ ರೂಡಿ. "ನಮ್ಮಪ್ಪ ಹೀಗೇ ಎಂಬತ್ತು ವರ್ಷ ಬದುಕಿದ."

ಅಷ್ಟರಲ್ಲಿ ಊರೇ ಸೌನಾದ ಸುತ್ತ ನೆರೆದಿತ್ತು. ಮೀನಿನ ಗಾಳ, ಹುಳ, ಕಾಫಿ ಮೂರನ್ನೂ ಒಂದೇ ಅಂಗಡಿಯಲ್ಲಿ ಮಾರುವ ಪಕ್ಕದ ಮನೆಯ ಮಾರ್ಸೆಲ್ ಬೋಡ್ರೋ ಎಲ್ಲರಿಗಿಂತ ಮುಂದೆ. ಅವನ ಅಜ್ಜ ಮಾತುಗಾರ ಫ್ರೆಂಚರ ನಾಡು ಕ್ವಿಬೆಕ್ಕಿನವನಾದ್ದರಿಂದ ಊರವರೆಲ್ಲ ಆಡದೆ ಉಳಿಸಿದ ಮಾತನ್ನು ಅವನೊಬ್ಬನೇ ಖರ್ಚು ಮಾಡುತ್ತಿದ್ದ. ಗೆಳೆಯನನ್ನು ಉಳಿಸಲೇಬೇಕೆಂದು ಹಟತೊಟ್ಟು ಬಾಗಿಲಿನ ಸಂದಿಯಲ್ಲಿ ಮೂಗು ತೂರಿಸಿದ.

"ಆರ್ವೊ ಅಂಥವನಲ್ಲ ಸಾರ್. ಬಂಗಾರದಂಥ ಕೈ ಅವನದು. ಗಡಿಯಾರ, ವೈರು, ಬ್ಯಾಟರಿ, ಏನು ಕೊಡಿ, ಕಣ್ಮುಚ್ಕೊಂಡು ಜೋಡಿಸ್ತಾನೆ. ನಮ್ಮ ಹಿತ್ತಲಲ್ಲಿ ಪೈನ್ ಮರದ ಬೊಡ್ಡೆ ಇತ್ತಲ್ಲ, ಡೈನಮೈಟ್ ಇಟ್ಟು ಎಬ್ಬಿಸಿದ್ದು ಯಾರು ಅಂದ್ಕೊಂಡ್ರಿ? ಇವನೇ. ಬೊಡ್ಡೆ ಇವತ್ತಿಗೂ ಸಿಕ್ಕಿಲ್ಲ."

ಆರ್ವೊ ಕಣ್ಣು ಮುಚ್ಚಿದ. ಚರ್ಚಿನ ಪಾದ್ರಿಯ ಹೆಂಡತಿ ತನ್ನ ಪಾಲಿನ ಸಹಾಯವಾಗಿ, ಅವನು ಯಾವಾಗಲೂ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂರುವ ಸಭ್ಯನೆಂದೂ, ಕೋಟನ್ನು ಒಮ್ಮೆಯೂ ಬಿಚ್ಚಿದ್ದು ಕಂಡಿಲ್ಲವೆಂದೂ ಸೇರಿಸಿದಳು. ಒಳ್ಳೆಯ ಮಾತು ಹೇಳುವವರು ಇನ್ನಿಬ್ಬರು ಸಿಕ್ಕಿದ್ದರೆ ಆರ್ವೊನನ್ನು ಅಲ್ಲಿಯೇ ಗಲ್ಲಿಗೆ ಹಾಕುತ್ತಿದ್ದರೋ ಏನೋ. ಮಾರ್ಸೆಲ್ ಮತ್ತೆ ಬಾಯಿ ತೆರೆದಾಗ ಬೆಲಮಿ ಹೊರಗೆ ಬಂದು, ಕಾರ್ಯಾಚರಣೆಯ ನಡುವೆ ಬುದ್ಧಿ ಹೇಳುವುದೂ ಅಡ್ಡಿಪಡಿಸಿದಂತೆಯೇ, ಇನ್ನೊಂದು ಮಾತಾಡಿದವರನ್ನು ಅದೇ ಕಾಯ್ದೆಯಲ್ಲಿ ಒಳಗೆ ಹಾಕುತ್ತೇನೆ ಎಂದ. ಮಾರ್ಸೆಲ್ ಜೀವಮಾನದಲ್ಲಿ ಮೊದಲ ಬಾರಿ ಬಾಯಿ ಮುಚ್ಚಿದ. ಆ ಸದ್ದು ಎಲ್ಲರಿಗೂ ಕೇಳಿಸಿತು.

ಬೆಲಮಿ ಹೊರಗೆ ಗಾಳಿ ಕುಡಿಯುತ್ತಿದ್ದಾಗ ಒಳಗೆ ಇಬ್ಬರೇ ಉಳಿದರು. ರೂಡಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಆರ್ವೊ, ಬೆಳಗ್ಗೆಯವರೆಗೆ ಹೀಗೇ ಕೂತ್ರೆ ನಿನ್ನನ್ನ ಎಲ್ಲಿಗೋ ಸಾಗಿಸ್ತಾರೆ. ಎಲ್ಲಿಗೆ ಅಂತ ಇಂಪಿಗೂ ಹೇಳಲ್ಲ. ಆ ಪುಡಿ ಏನು? ನಿಜ ಹೇಳು."

ಆರ್ವೊ ಕಲ್ಲುಗಳ ಕಡೆ ತಿರುಗಿದ. ತುಟಿ ಅಲ್ಲಾಡಿಸದೆ, "ಉಪ್ಪು" ಎಂದ.

ರೂಡಿಯ ಮುಖದಿಂದ ಪೊಲೀಸು ಇಳಿದುಹೋಗಿ ಸಾಲ್ಮಿಯವನು ಮೇಲೆ ಬಂದ. ಭಯೋತ್ಪಾದಕ ಎಂದಾಗಲೂ ಅವನು ಆರ್ವೊನನ್ನು ಹಾಗೆ ನೋಡಿರಲಿಲ್ಲ.

"ಕಕ್ಕಸಿಗೆ ಉಪ್ಪು ಹಾಕಿದ್ಯಾ?"

"ಅತ್ತೆ ಗೆಲ್ಲಲಿ ಅಂತ."

"ಗೆದ್ರೆ ಸಾಯ್ತೀನಿ ಅಂದಿರೋ ಅತ್ತೆ."

ಆ ದಿಕ್ಕಿನಿಂದ ನೋಡಿದರೆ ವಿಷಯ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಆರ್ವೊನಿಗೆ ಆಗ ಹೊಳೆಯಿತು. ದೇಶದ್ರೋಹಿ, ಪಂದ್ಯದ ಕಳ್ಳ, ಅತ್ತೆಯನ್ನು ಕೊಲ್ಲ ಹೊರಟವನು, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

"ಲೋ ರೂಡಿ, ಭಯೋತ್ಪಾದಕರಿಗೆ ಎಷ್ಟು ವರ್ಷ?"

"ಲೆಕ್ಕ ಇಲ್ಲ. ಕೋರ್ಟಿಗೆ ಕರ್ಕೊಂಡು ಹೋಗ್ಲೇಬೇಕು ಅಂತಾನೂ ಇಲ್ಲ."

"ಉಪ್ಪಿಗೆ?"

"ಉಪ್ಪಿಗೆ ಸಾಯೋವರೆಗೂ ತಳದ ಕಾಫಿ. ಇಂಪಿಗೂ ಅದೇ."

ಆರ್ವೊ ಯೋಚಿಸಿದ. ಕಿಟಕಿಯಾಚೆ ಊರಿನ ಮುಖಗಳು, ಅವುಗಳ ನಡುವೆ ಬೆನ್ನು ನೆಟ್ಟಗೆ ಮಾಡಿ ನಿಂತ ಇಂಪಿ. ಕಾಯ್ದೆ ಓದಿದ ಆ ಸಭೆಯಲ್ಲಿ ಒಂದು ಮಾತಾಡಿದ್ದರೆ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಆಗ ಬೂಟು ನೋಡಿಕೊಂಡು ಕೂತಿದ್ದ. ಈಗಲೂ ಅದನ್ನೇ ನೋಡಿಕೊಂಡು, "ಹಾಗಾದ್ರೆ ನಾನು ಏನೂ ಹೇಳಲಿಲ್ಲ ಅಂತ ಬರ್ಕೋ" ಎಂದ.

ಆದರೆ ಹೊರಗೆ ಬೆಲಮಿಗೆ ಗಾಳಿಯ ಜೊತೆಗೆ ಹೊಸ ಉತ್ಸಾಹವೂ ತುಂಬಿಕೊಂಡಿತ್ತು. ಬಾಯಿ ಬಿಡದವನನ್ನು ಬಿಟ್ಟು ಬಾಂಬನ್ನೇ ದಡಕ್ಕೆ ಎಳೆದು ತರುವುದೆಂದು ಗೊತ್ತುಮಾಡಿದ. ಉಕ್ಕಿನ ಬಂಡಿಗೆ ಸರಪಳಿ ಕಟ್ಟಿಸಿ ತಾನೇ ಹತ್ತಿ ಕುಳಿತ. ಬಂಡಿ ಗುಡುಗುತ್ತ ದಡದ ಕಡೆ ಹೊರಳಿತು.

ಅರಳುಮರಳು ಹಿಡಿದ ಮುದುಕನಿಂದ ತೊಟ್ಟಿಲ ಕೂಸಿನವರೆಗೆ ಸಾಲ್ಮಿಯಲ್ಲಿ ಎಲ್ಲರಿಗೂ ಗೊತ್ತಿತ್ತು: ಏಪ್ರಿಲ್ ಗಡ್ಡೆಯ ಮೇಲೆ ನಾಯಿಯೂ ಯೋಚಿಸಿ ಕಾಲಿಡುತ್ತದೆ. ಆದರೆ ಬುದ್ಧಿ ಹೇಳಿದರೆ ಜೈಲು ಎಂದು ಈಗಷ್ಟೇ ಕೇಳಿದ್ದರು. ಎಲ್ಲರೂ ಜೇಬಿಗೆ ಕೈಹಾಕಿ, ಬಾಯಿ ಬಿಗಿದು ನಿಂತರು. ಹೇಳಬೇಕಾದವನು ರೂಡಿ, ಹೇಳಿದರೆ ಉಪ್ಪಿನ ಗುಟ್ಟೂ ಹೊರಬಿದ್ದೀತೆಂದು ಟೋಪಿ ಸರಿಪಡಿಸಿಕೊಂಡ. ಬಂಡಿಯ ಮುಂದಿನ ಗಾಲಿ ಗಡ್ಡೆಯನ್ನು ಮುಟ್ಟಿತು. ಕೆರೆ ಒಳಗಿನಿಂದ ಹಳೆಯ ಹಸುವಿನಂತೆ ನರಳಿತು.

ಆಗ ಆರ್ವೊ ಸೌನಾದಿಂದ ಓಡಿ ಬಂದ. ಬಸ್ಸಿನಲ್ಲಿ ಎಷ್ಟೋ ಮಕ್ಕಳನ್ನು ಒಂದು ಗೀರೂ ಇಲ್ಲದೆ ಮನೆ ಮುಟ್ಟಿಸಿದ ಮನುಷ್ಯ, ಕಣ್ಣೆದುರು ಒಬ್ಬ ಸಾಯುವುದನ್ನು ನೋಡಿಕೊಂಡು ನಿಲ್ಲಲು ಅವನಿಂದ ಆಗಲಿಲ್ಲ. ಬಂಡಿಯ ಕಿಟಕಿಗೆ ಕೈ ಬಡಿದು, ಇಡೀ ವರ್ಷಕ್ಕೆ ಆಗುವಷ್ಟು ಮಾತನ್ನು ಒಂದೇ ಉಸಿರಿನಲ್ಲಿ ಆಡಿದ.

"ನಿಲ್ಸಿ. ಗಡ್ಡೆ ತಡೆಯಲ್ಲ. ಬಾಂಬೂ ಇಲ್ಲ, ಏನೂ ಇಲ್ಲ. ಅದು ಉಪ್ಪು, ನಾನೇ ಹಾಕಿದ್ದು. ಪಂದ್ಯದಲ್ಲಿ ಮೋಸ ಮಾಡಿದೆ. ನಾಲ್ಕು ಮೂಲೆಗೂ ಹಾಕಿದ್ದೀನಿ, ಅಲ್ಲಿ ಹೋಗ್ಬೇಡಿ."

ದಡದ ಮೇಲೆ ಇಡೀ ಊರು ಒಟ್ಟಿಗೆ ಉಸಿರೆಳೆದುಕೊಂಡಿತು. ಬೆಲಮಿ ಗಾಜು ಇಳಿಸಿ, ಕರುಣೆಯಿಂದ ನಕ್ಕ. ಇಷ್ಟು ಹೊತ್ತು ಮೂಕನಾಗಿದ್ದವನು ಈಗ ಬಾಯಿಬಿಡುತ್ತಿದ್ದಾನೆಂದರೆ ಬಾಂಬು ಅಲ್ಲಿರುವುದು ಖಂಡಿತ ಎಂದುಕೊಂಡ.

"ಮಿಸ್ಟರ್ ತಾಸ್ಕಿಲಾ, ಸುಮ್ಮನಿರುವ ಹಕ್ಕು ನಿಮಗಿದೆ. ದಯವಿಟ್ಟು ಅದನ್ನು ಈಗ ಬಳಸಿಕೊಳ್ಳಿ."

ಬಂಡಿ ಮುಂದೆ ಹೋಯಿತು. ಎಲ್ಲರೂ ಅಂದುಕೊಂಡದ್ದಕ್ಕಿಂತ ದೂರವೇ ಹೋಯಿತು. ಕಕ್ಕಸಿನ ಹತ್ತಿರ ತಲುಪಿದಾಗ ಕೆರೆ ಒಮ್ಮೆ ಆಕಳಿಸಿತು, ಅಷ್ಟೆ. ಉಕ್ಕಿನ ಬಂಡಿ ದೊಡ್ಡ ಮನುಷ್ಯರು ಸಭೆಯಿಂದ ಎದ್ದು ಹೋಗುವಂತೆ ನಿಧಾನವಾಗಿ, ಗಾಂಭೀರ್ಯದಿಂದ ಕೆಳಗಿಳಿಯಿತು. ನೀರು ಸೊಂಟಕ್ಕೆ ಬಂದಾಗ ಬೆಲಮಿ ಅದರ ನೆತ್ತಿಯಿಂದ ಜಿಗಿದು, ಸಿಕ್ಕಿದ ಏಕೈಕ ಆಸರೆಯನ್ನು ಅಪ್ಪಿಕೊಂಡ. ಹಾಗೆ ಭಾರೀ ತೂಕದ ಸರ್ಕಾರಿ ಅಧಿಕಾರಿಯೊಬ್ಬ ಕೆಂಪು ಕಕ್ಕಸಿನ ಮೇಲೆ ಕಾಲು ಚಾಚಿ ಸವಾರಿ ಮಾಡುತ್ತ ತೇಲತೊಡಗಿದ. ಕಕ್ಕಸು ವಾಲಿತು, ತಂತಿ ಜಗ್ಗಿತು. ಸೌನಾದ ಗೋಡೆಯ ಮೇಲೆ ಪ್ಲಗ್ಗು ಟಪ್ಪೆಂದು ಕಿತ್ತು ಬಂತು. ಗಡಿಯಾರ ನಿಂತಿತು.

ಮಾರ್ಸೆಲ್ ದೋಣಿ ತಳ್ಳಿಕೊಂಡು ಹೋಗಿ ಅಧಿಕಾರಿಯನ್ನು ಮೀನಿನ ಬಲೆಯಲ್ಲಿ ಎತ್ತಿ ತಂದ. ಆಮೇಲಷ್ಟೇ ಯಾರೋ ತಾರೀಖು ನೆನಪಿಸಿಕೊಂಡರು. ಏಪ್ರಿಲ್ ಹದಿನೇಳು. ಎಲ್ಲರ ಕತ್ತೂ ಆರ್ವೊನ ಮನೆಯ ಕಿಟಕಿಯತ್ತ ತಿರುಗಿತು. ಗಾಜಿನ ಹಿಂದೆ ಸೈಮಿ ಅಜ್ಜಿ ಕಲ್ಲಿನಂತೆ ಕುಳಿತಿದ್ದಳು. ಗೆದ್ದಳೇ, ಉಪ್ಪಿನಿಂದ ಗೆದ್ದದ್ದು ಲೆಕ್ಕಕ್ಕೆ ಬರುತ್ತದೆಯೇ, ಮುಳುಗಿಸಿದ್ದು ಉಪ್ಪೋ ಸರ್ಕಾರವೋ ಎಂಬ ಪ್ರಶ್ನೆಗಳು ಊರಿನ ನಾಲಗೆಯ ತುದಿಗೆ ಬಂದವು. ಇನ್ನೇನು ಬೀಳಬೇಕು, ಅಷ್ಟರಲ್ಲಿ ಆರ್ವೊನ ಹಳೆಯ ನಿಲುವಂಗಿ ತೊಟ್ಟು, ಕೈಯಲ್ಲಿ ಇಂಪಿ ಕೊಟ್ಟ ಕಾಫಿ ಹಿಡಿದು, ಹಲ್ಲು ಕಟಕಟಿಸುತ್ತ ಬೆಲಮಿ ಸೌನಾದ ಬಾಗಿಲಿಗೆ ಬಂದ.

ಹೊಸ ಕಾಯ್ದೆಯ ಪ್ರಕಾರ ಇಂದು ನಡೆದದ್ದೆಲ್ಲ ದೇಶದ ಭದ್ರತೆಯ ಗುಟ್ಟು ಎಂದು ಘೋಷಿಸಿದ. ಯಾವ ಬಂಡಿಯೂ ಮುಳುಗಿಲ್ಲ. ಯಾವ ಕಕ್ಕಸೂ ತೇಲಿಲ್ಲ. ಯಾರೂ ಯಾರ ಬಲೆಯಲ್ಲೂ ಬಂದಿಲ್ಲ. ಗಡಿಯಾರವನ್ನು ಮೊಹರು ಮಾಡಿ ಒಯ್ಯಲಾಗುವುದು, ಅದು ನಿಂತಿದೆಯೋ ಇಲ್ಲವೋ ಎಂಬುದೂ ಗುಟ್ಟು. ಇದನ್ನು ಗಂಡ ಹೆಂಡತಿಗೆ ಹೇಳಿದರೂ ಅಪರಾಧ. ಕೊನೆಗೆ ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳಿದ.

ಸಾಲ್ಮಿಯ ಜನ ಬೂಟು ನೋಡಿಕೊಂಡರು. ಆರ್ವೊ ಮಾತ್ರ ತಲೆಯೆತ್ತಿ, "ನಂದಿದೆ" ಎಂದ. ಆಪಾದನೆಯೇ ಗುಟ್ಟಾದ ಮೇಲೆ ಅವನನ್ನು ಹಿಡಿದಿಟ್ಟುಕೊಳ್ಳಲು ಕಾರಣವೇ ಉಳಿದಿಲ್ಲ, ಮನೆಗೆ ಹೋಗಬಹುದು ಎಂದ ಬೆಲಮಿ. ಅವನ ಆಕ್ಷೇಪವನ್ನೂ ಗುಟ್ಟಿನ ಕಟ್ಟಿಗೆ ಸೇರಿಸಿದರು. ಮಾರ್ಸೆಲ್ ಬಂದು ನೆರೆದವರಿಗೆಲ್ಲ ಬಿಸಿ ಕಾಫಿ ಹಂಚಿದ. ಆರ್ವೊನ ಸರದಿ ಬಂದಾಗ, ಒಂದು ಮಾತೂ ಆಡದೆ, ಪಾತ್ರೆಯನ್ನು ತಲೆಕೆಳಗು ಮಾಡಿ ತಳದಲ್ಲಿದ್ದುದನ್ನು ಸುರಿದ. ಉಪ್ಪಿನ ವಿಷಯ ಮಾತಾಡುವುದಕ್ಕಷ್ಟೇ ಅಡ್ಡಿಯಿತ್ತು, ಸುರಿಯುವುದಕ್ಕೆ ಇರಲಿಲ್ಲ.

ಸಂಜೆ ಆರ್ವೊ ಅತ್ತೆಯ ಕುರ್ಚಿಯ ಮುಂದೆ ತಲೆತಗ್ಗಿಸಿ ನಿಂತ. ನೀವು ಗೆದ್ದಿರಿ, ಆದರೆ ಗೆದ್ದಿದ್ದೀರೆಂದು ಹೇಳುವಂತಿಲ್ಲ, ನಿಮ್ಮ ಹೆಸರನ್ನು ಕೆತ್ತುವುದಿಲ್ಲ, ನಿಮಗಾಗಿಯೇ ಮಾಡಿದೆ, ಕ್ಷಮಿಸಿ ಎಂದ. ಮುದುಕಿ ಬಟ್ಟಲಿನ ಆಲೂಗಡ್ಡೆ ಸಾರನ್ನು ಕಲಕುತ್ತ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅಳಿಯಂದ್ರೇ, ಈ ಕೆರೆ ಮೇ ತಿಂಗಳಿಗೆ ಮುಂಚೆ ಒಡೆದದ್ದು ನೀವು ಯಾವತ್ತಾದ್ರೂ ನೋಡಿದ್ರಾ?"

ಆರ್ವೊ ಯೋಚಿಸಿದ. ಇಲ್ಲ ಎಂದ.

"ನಾನೂ ನೋಡಿರ್ಲಿಲ್ಲ. ಅದಕ್ಕೇ ಹದಿನೇಳು ಅಂತಿದ್ದೆ. ನನ್ನ ಮದುವೆ ಆಗಿದ್ದು ಜೂನಲ್ಲಿ. ಗೆದ್ದ ಮೇಲೆ ಸಾಯ್ತೀನಿ ಅಂದೆ, ನಿಜ. ಆತುರ ಇದೆ ಅಂತ ಯಾರಿಗಾದ್ರೂ ಅಂದಿದ್ನಾ? ಈ ವರ್ಷ ಗಡ್ಡೆ ಮೆತ್ತಗಾಗಿದ್ದು ನೋಡಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗ್ಗೆ ನೋಡಿದ್ರೆ ನೀವು ಉಪ್ಪಿನ ಚೀಲ ಹೊತ್ಕೊಂಡು ಹೊರಟಿದ್ರಿ."

"ನೀವು ಗೊರಕೆ ಹೊಡೀತಿದ್ರಿ."

"ಹೊಡೀತಾ ಇದ್ದೆ. ಗೊರಕೆ ಹೊಡಿಯೋದಕ್ಕೆ ನಿದ್ದೆ ಯಾಕೆ ಬೇಕು?" ಅಜ್ಜಿ ಟೀವಿಯ ಕಡೆ ಚಮಚ ತೋರಿಸಿದಳು. ಅನುಮಾನ ಬಂದರೆ ಕೂಡಲೇ ಫೋನ್ ಮಾಡಿ, ನಿಮ್ಮ ಹೆಸರು ಗುಟ್ಟಾಗಿರುತ್ತದೆ ಎಂಬ ಜಾಹೀರಾತು ಅದರಲ್ಲಿ ಊರಿಗೇ ಕೇಳುವಂತೆ ಮೊಳಗುತ್ತಿತ್ತು. "ಫೋನ್ ಎತ್ತೋ ಹುಡುಗಿ ಎಷ್ಟು ನಯವಾಗಿ ಮಾತಾಡ್ತಾಳೆ ಅಂತೀರಿ. ಯಾವಾಗ ಬೇಕಾದ್ರೂ ಮಾಡಿ ಅಜ್ಜಿ ಅಂದಿದ್ದಾಳೆ. ಈ ಮನೇಲಿ ನನ್ನ ಮಾತನ್ನ ಅಷ್ಟು ಗಮನವಿಟ್ಟು ಕೇಳಿದವರು ಯಾರೂ ಇಲ್ಲ."

ಆರ್ವೊ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಫೋನನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವನು ಬಾಯಿ ಮುಚ್ಚಿದ. ಅವಳು ಸಾರು ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದಳು.

"ಇದಕ್ಕೆ ಉಪ್ಪೇ ಇಲ್ವಲ್ಲ ಅಳಿಯಂದ್ರೇ."

ಮನೆಯ ಉಪ್ಪೆಲ್ಲ ಸರ್ಕಾರದ ಬಳಿ ಇತ್ತು.

ಆರ್ವೊ ದಪ್ಪ ಕೋಟು ಹಾಕಿಕೊಂಡು, ಖಾಲಿ ಬಟ್ಟಲು ಹಿಡಿದು, ನೆಲ ನೋಡುತ್ತ ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟಿದ. ಒಂದಿಷ್ಟು ಉಪ್ಪು ಬೇಕಿತ್ತು ಎಂದ. ಮಾರ್ಸೆಲ್ ಅವನ ಮುಖ ನೋಡಿದ, ಬಟ್ಟಲು ನೋಡಿದ, ಅವನ ಬೆನ್ನ ಹಿಂದೆ ಕತ್ತಲಾಗುತ್ತಿದ್ದ ಕೆರೆಯನ್ನು ನೋಡಿದ. ಆಮೇಲೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಒಳಗೆ ಹೋದ. ಫೋನು ಎತ್ತಿದ ಸದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು.